ಹದಿನಾಲ್ಕು ಮಾರು

ಮಧ್ಯಾಹ್ನ ಎರಡಕ್ಕೆ ಮಲ್ಪೆಯ ದಕ್ಕೆ ಬಿಟ್ಟೆವು.
ಹಲ್ಲಿನ ಡಾಕ್ಟರು, ಅವರ ಮಗಳು, ಮೊಬೈಲ್ ಅಂಗಡಿಯ ಅಶ್ಫಾಕ್,
ಗ್ರಾನೈಟಿನ ವ್ಯಾಪಾರಿ ಒಬ್ಬರು. ಹೆಸರು ಹೇಳಿದ್ದರು,
ಇಂಜಿನ್ ಸದ್ದಿಗೆ ಕೇಳಲಿಲ್ಲ.
ನಾಲ್ಕು ಜನಕ್ಕೆ ಆರು ಸಾವಿರ. ಐಸು ನನ್ನದು,
ಗಾಳಕ್ಕೆ ಚುಚ್ಚುವ ಬೊಂಡಾಸು ನನ್ನದು,
ವಾಂತಿ ಮಾತ್ರ ಅವರವರದು.

ಅಳಿವೆ ದಾಟುವಾಗ ಹೇಳುತ್ತೇನೆ:
ಫೋನು ಆಫ್ ಮಾಡಿ ಈ ಡಬ್ಬಿಗೆ ಹಾಕಿ ಮಾರಾಯ್ರೆ,
ಉಪ್ಪುನೀರು ತಾಗಿದರೆ ಆಮೇಲೆ ನನ್ನನ್ನು ಕೇಳಬೇಡಿ.
ಉಪ್ಪುನೀರು ನೆಪ.
ಜಾಗ ಗೊತ್ತಾದರೆ ನಾಳೆ ಅಲ್ಲಿ ಹತ್ತು ದೋಣಿ.

ನಾನೂ ಎಲ್ಲಿಯೂ ಬರೆದಿಟ್ಟಿಲ್ಲ.
ಕಾಪುವಿನ ದೀಪಸ್ತಂಭ ಎರಡು ಬೆರಳು ತೆಂಕಕ್ಕೆ ಸರಿಯಬೇಕು,
ದ್ವೀಪದ ಬಡಗು ತುದಿ
ದಡದ ನೀರಿನ ಟಾಂಕಿಯನ್ನು ಅರ್ಧ ನುಂಗಬೇಕು.
ಆಮೇಲೆ ಸೀಸ ಇಳಿಬಿಟ್ಟು ತಂಗೂಸಿಯನ್ನು ಬೆರಳಿಗೆ ಸುತ್ತಿ
ಬೆರಳಿನಿಂದಲೇ ಕೇಳಬೇಕು.
ಕೆಸರಾದರೆ ಮಾತಿಲ್ಲ. ಕಲ್ಲಾದರೆ ಟಕ್ಕೆನ್ನುತ್ತದೆ.
ಮರವಾದರೆ
ಹೊತ್ತಲ್ಲದ ಹೊತ್ತಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ.

ಪೋರ್ಚುಗೀಸರ ಹಡಗಂತೆ, ಎಂದ ಅಶ್ಫಾಕ್.
ಅಲ್ಲವೆಂದು ನಾನು ಹೇಳಿಲ್ಲ.
ಪೋರ್ಚುಗೀಸರಿದ್ದರೆ ಬಾಡಿಗೆ ಸಾವಿರ ಹೆಚ್ಚು.

ಕೆಳಗಿರುವುದು ‘ಮಹಾಮಾಯಿ ಪ್ರಸಾದ’.
ಐವತ್ತೆರಡು ಅಡಿ, ಬೋಗಿ ಮರದ ಹಲಗೆ,
ಸೊಸೈಟಿಯ ಸಾಲ ಹದಿನೇಳು ಕಂತು ಬಾಕಿ.
ಬಲೆ ಕಲ್ಲಿಗೆ ಸಿಕ್ಕಿತ್ತು. ಗಾಳಿ ಎದ್ದಿತ್ತು.
ಹಿಂಬದಿ ತಗ್ಗಿ ನೀರು ಒಳಗೆ ನಡೆದು ಬರುತ್ತಿತ್ತು.
ಹಗ್ಗ ಕಡಿ ತಂಡೇಲಾ, ಎಂದ ಶೀನ ತಿಂಗಳಾಯ.
ಮೂರು ಸಲ ಎಂದ.
ಹೊಸ ಬಲೆ. ಎರಡು ಲಕ್ಷದ್ದು.
ನಾನು ಲೆಕ್ಕ ಹಾಕುತ್ತಿದ್ದೆ.

ಏಳು ಜನವೂ ಬದುಕಿದೆವು, ಡೀಸೆಲ್ ಕ್ಯಾನು ತಬ್ಬಿಕೊಂಡು.
ವಾರಿಜ ಬಳೆ ಮಾರಿದಳು, ಒಂದು ಮಾತು ಆಡಲಿಲ್ಲ.
ಇಂದಿಗೂ ಆಡಿಲ್ಲ.
ಆ ಮಾತಿಗಿಂತ ಬಳೆ ಅಗ್ಗ.

ಮೂರೂವರೆಗೆ ಮೊದಲ ಮುರು ಮೀನು.
ಆಳದಿಂದ ಅವಸರದಲ್ಲಿ ಎಳೆದರೆ ಅದರ ಹೊಟ್ಟೆ ಬಾಯಿಗೆ ಬರುತ್ತದೆ,
ಕಣ್ಣು ಹೊರಗೆ ಉಬ್ಬುತ್ತದೆ.
ಡಾಕ್ಟರು ಅಭ್ಯಾಸಬಲದಿಂದ ಬಾಯಿ ಅಗಲಿಸಿ ನೋಡಿದರು.
ಆಮೇಲೆ ಎರಡು ಕೆಂಬೇರಿ, ಒಂದು ಏಡಿ,
ಮಗಳು ಎರಡು ಸಲ ಕಡಲಿಗೆ ಬಗ್ಗಿ ಬಾಯಿ ಒರೆಸಿಕೊಂಡು
ಮತ್ತೆ ಗಾಳ ಹಿಡಿದಳು.

ಆಗ ಗ್ರಾನೈಟಿನವರ ಕೋಲು ಬಿಲ್ಲಾಯಿತು.
ದೊಡ್ಡದು! ದೊಡ್ಡದು! ಬಿಡಬೇಡಿ!
ಮೀನು ಎಳೆಯುವಾಗ ತಲೆ ಅಲ್ಲಾಡಿಸುತ್ತದೆ.
ಇದು ಅಲ್ಲಾಡಲಿಲ್ಲ.
ಅಲೆ ಏರಿದಾಗ ಬಿಗಿಯಿತು, ಇಳಿದಾಗ ಸಡಿಲಿಸಿತು.
ಉಸಿರಾಡುವಷ್ಟೇ ನಿಧಾನ.
ಚುಕ್ಕಾಣಿಮನೆಯ ಕಂಬವಿರಬೇಕು, ಎಂದುಕೊಂಡೆ.
ಅದಕ್ಕೆ ಹಸಿರು ಬಣ್ಣ ಹೊಡೆದವನು ನಾನೇ.

ಅವರು ಕಾಲು ಊರಿ ಎಳೆಯುತ್ತಿದ್ದರು.
ಎಂಟು ಸಾವಿರದ ದಾರ ತಂಡೇಲರೇ, ಕಡಿಯಬೇಡಿ,
ನಾನು ಲೆಕ್ಕ
ಎನ್ನುವಷ್ಟರಲ್ಲಿ ಕಡಿದೆ.

ಬೈದರು. ಬಾಡಿಗೆಯಲ್ಲಿ ಐನೂರು ಬಿಟ್ಟೆ.
ಕತ್ತಿ ಒರೆಸಿ ಸೊಂಟಕ್ಕೆ ಸಿಕ್ಕಿಸಿದೆ.
ಕೈ ಸ್ವಲ್ಪ ನಡುಗಿದ್ದನ್ನು ಇಂಜಿನ್ ಮೇಲೆ ಹಾಕಿದೆ.

ದಕ್ಕೆ ಮುಟ್ಟುವಾಗ ದೀಪ ಹತ್ತಿತ್ತು.
ಹುಡುಗಿ ಅಪ್ಪನಿಗೆ ಕೈಗಡಿಯಾರ ತೋರಿಸುತ್ತಿದ್ದಳು.
ಹೋದ ದಾರಿಯಷ್ಟೂ ಅದರಲ್ಲಿ: ಕೆಂಪು ಎಳೆ,
ಅದರ ಕೊನೆಗೆ
ನಾವು ಸುತ್ತಿ ಸುತ್ತಿ ನಿಂತಲ್ಲಿ ಒಂದು ಸಣ್ಣ ಗಂಟು.
ಡಬ್ಬಿಯಲ್ಲಿ ಫೋನುಗಳು ತಣ್ಣಗೆ ಮಲಗಿದ್ದವು.

ಅಳಿಸು ಮಗಾ, ಎನ್ನಲು ಹತ್ತಿರ ಹೋದೆ.
ಇದನ್ನು ದೊಡ್ಡದು ಮಾಡಲಿಕ್ಕೆ ಆಗ್ತದಾ, ಎಂದು ಕೇಳಿದೆ.

ಮಾಡಿದಳು. ಗಂಟು ಬಿಚ್ಚಿತು, ಸುತ್ತ ನೀಲಿ.
ಇನ್ನೂ, ಎಂದೆ.
ನೀಲಿ.
ಐಸಿನ ಪೆಟ್ಟಿಗೆ ಇಳಿಸಲು ಅಶ್ಫಾಕ್ ಕೂಗುತ್ತಿದ್ದ.
ಇನ್ನೊಂದು ಸ್ವಲ್ಪ, ಎಂದೆ.