ಹರಿದ ಪುಟದ ಮಿಠಾಯಿ

ಇಸ್ತಾಂಬುಲಿನಿಂದ ಮೊಮ್ಮಗಳು ತ್ರೀನ್ ತಂದ ಡಬ್ಬಿ
ತಾರ್ತುವಿನ ಅಡುಗೆಮನೆಯ ಮೇಜಿನ ಮೇಲೆ.
ಮುಚ್ಚಳ ತೆಗೆಯಲು ಹೆಲ್ವೆಗೆ ಮೂರು ದಿನ ಬೇಕಾಯಿತು.

ಒಂದೇ ಕಂಬಳಿಯಡಿ ಅಕ್ಕ ಲೇಯ್ದಾ ಓದುತ್ತಿದ್ದ ಕಥೆ.
ಅದರ ಹುಡುಗಿ ಆ ತುಂಡನ್ನು ಬಾಯಿಗಿಡುವ ಹೊತ್ತಿಗೆ
ಪುಟವೇ ಇಲ್ಲ,
ಹಿಂದಿನ ಚಳಿಗಾಲ ಒಲೆ ಹೊತ್ತಿಸಲು ಹೋಗಿತ್ತು.
ಅಕ್ಕ ತಡವರಿಸಲಿಲ್ಲ. ಓದಿಯೇ ಓದಿದಳು:
"ಬೆಚ್ಚಗಿನ ಹಿಮ. ನಡುವೆ ಕಾಡುಸ್ಟ್ರಾಬೆರಿ.
ನುಂಗಿದ ಮೇಲೂ ಕಿವಿಯೊಳಗೆ
ಸಣ್ಣಗೆ ಗುಂಯ್..."

ಈಗ ಸ್ವೆಟರಿನ ಮೇಲೆಲ್ಲ ಸಕ್ಕರೆಪುಡಿ,
ಹಲ್ಲುಸೆಟ್ಟಿಗೆ ಅಂಟಿದ ಗುಲಾಬಿ.
ಅಮ್ಮ ಬೀರುವಿನ ಬಟ್ಟೆಗಳ ನಡುವೆ
ಇಡುತ್ತಿದ್ದ ಸೋಪೇ ಸೈ.

"ಹೇಗಿದೆ ಅಜ್ಜಿ?"

ಸುಳ್ಳುಬುರುಕಿ, ಅಂದಳು ಹೆಲ್ವೆ
ಗೋಡೆಯ ಫೋಟೋಗೆ.
ಇನ್ನೊಂದು ತುಂಡು ಬಾಯಿಗಿಟ್ಟು
ಕಿವಿಗೊಟ್ಟು ಕೂತಳು.