ಐದು ಆಂಪಿಯರ್

ತಿಂಗಳ ಮೊದಲ ವಾರ ನಾನು ಮೆಟ್ಟಿಲು ಹತ್ತುತ್ತೇನೆ.
ಟ್ರಿಪೋಲಿಯ ಈ ಓಣಿಯಲ್ಲಿ ಲಿಫ್ಟನ್ನು ನಂಬುವವರಿಲ್ಲ;
ನಡುವೆ ನಿಂತರೆ, ನಿಲ್ಲಿಸಿದವನು ನಾನೇ ಎಂಬಂತೆ ಬೈಯುತ್ತಾರೆ.
ಕಂಕುಳಲ್ಲಿ ಅಬು ಝಾಹೆರನ ಜನರೇಟರಿನ ಚಂದಾ ಪುಸ್ತಕ:
ಹೆಸರು, ಮಹಡಿ, ಆಂಪಿಯರು, ಬಾಕಿ.

ಹದಿನೇಳು ವರ್ಷ.
ಸರಕಾರದ ಕರೆಂಟು ಇಲ್ಲಿ ದೂರದ ನೆಂಟ,
ಬಂದರೂ ಕಾಫಿ ಆರುವ ಮೊದಲೇ ಎದ್ದು ಹೊರಡುವವನು.
ಉಳಿದ ಹೊತ್ತೆಲ್ಲ ನಮ್ಮದು:
ಮೂಲೆಯ ಶೆಡ್ಡಿನಲ್ಲಿ ಗುಡುಗುಡು ಡೀಸೆಲ್ಲು,
ಬಾಲ್ಕನಿಯಿಂದ ಬಾಲ್ಕನಿಗೆ ಜೋತ ಕಪ್ಪು ತಂತಿ,
ಒಗೆದು ಹರವಿದ ಬಿಳಿಯ ಮೇಲೆ ಮಸಿಯ ಸಣ್ಣ ಸಹಿ.
ಐದು ಆಂಪಿಯರ್ ಎಂದರೇನು, ಇಲ್ಲಿ ಮಕ್ಕಳಿಗೂ ಗೊತ್ತು.
ಫ್ರಿಜ್ಜು ಓಡುವಾಗ ಇಸ್ತ್ರಿ ಇಲ್ಲ,
ಇಸ್ತ್ರಿ ಹಚ್ಚಿದರೆ ನೀರು ಕಾಯುವುದಿಲ್ಲ,
ಎಲ್ಲವೂ ಬೇಕೆಂದರೆ, ಟಪ್!
ಕತ್ತಲಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ದೂರುವುದು
ಓಣಿಗೆಲ್ಲ ಕೇಳುತ್ತದೆ.

ಮೊದಲು ನಾಲ್ಕನೇ ಮಹಡಿಯ ದಂತವೈದ್ಯ ಸಾಬಾ.
ಕ್ರೇನು ತರಿಸಿ ಹನ್ನೆರಡು ಫಲಕ ಏರಿಸಿದ.
ಓಣಿ ತಲೆಯೆತ್ತಿ ನೋಡಿತು,
ಮದುಮಗಳ ಪೆಟ್ಟಿಗೆ ಇಳಿಸುವಾಗ ನೋಡುವ ಹಾಗೆ.
ಆಮೇಲೆ ಅಕ್ಕಸಾಲಿಗ. ಆಮೇಲೆ ಕುವೈತಿನಲ್ಲಿ ತಮ್ಮನಿರುವವರು,
ಆಮೇಲೆ ಸಾಲ ಮಾಡಿದವರು, ಬಳೆ ಮಾರಿದವರು.
ಪಾರಿವಾಳ ಸಾಕುತ್ತಿದ್ದ ವದೀ ಕೂಡ
ಅರ್ಧ ಗೂಡು ಕಿತ್ತು ನಾಲ್ಕು ಫಲಕಕ್ಕೆ ಜಾಗ ಮಾಡಿದ.
ಹಕ್ಕಿಗಳು ಈಗಲೂ ಸಂಜೆ ಬಂದು
ಹಳೆಯ ವಿಳಾಸದ ಮೇಲೆ ಕಾಲು ಜಾರುತ್ತವೆ.

ನನ್ನ ಪುಸ್ತಕದಲ್ಲಿ ಹೆಸರ ಮೇಲೆ ಗೆರೆ.
ಯಾರೂ ಸತ್ತಿಲ್ಲ; ಗೆರೆ ಮಾತ್ರ ಸತ್ತವರಿಗೆ ಎಳೆಯುವಂಥದೇ.
“ಮುನೀಫ್, ಇನ್ನು ಕಾಫಿಗಷ್ಟೇ ಬಾ” ಎಂದ ಸಾಬಾ, ಬಾಗಿಲಲ್ಲಿ.
ನಕ್ಕೆ. ಬ್ಯಾಟರಿಯ ಕಂತು ಎಷ್ಟೆಂದು ಕೇಳಲಿಲ್ಲ.

ಬೈರೂತಿನಲ್ಲಿ ಕಾನೂನಾಗಿದೆಯಂತೆ:
ಮನೆಗೆ ಮಿಕ್ಕ ಬಿಸಿಲನ್ನು ನೆರೆಯವರಿಗೆ ಮಾರಬಹುದಂತೆ,
ಮೀಟರು ಹಿಂದಕ್ಕೂ ತಿರುಗೀತಂತೆ.
ಜಾರಿ ಮಾಡಬೇಕಾದ ಮಂಡಳಿಗೆ
ಕುರ್ಚಿಗಳು ಇನ್ನೂ ಬರಬೇಕಂತೆ.
ಹೇಳಿದವನು ಕ್ಷೌರಿಕ. ನನ್ನ ಕಿವಿಯ ಹತ್ತಿರ ಕತ್ತರಿ ನಿಲ್ಲಿಸಿ
ಹೇಳಿದ; ನಗಲಿಲ್ಲ.

ನೆಲಮಹಡಿಯಲ್ಲಿ ಸಿತ್ ಅಫೀಫೆ.
ಅವಳ ಮನೆಪತ್ರದಲ್ಲಿ ತಾರಸಿ ಇಲ್ಲ.
ಬಿಸಿಲು ಅವಳ ಕಿಟಕಿಗೆ ಬರುವುದು ಮಾರ್ಚಿನಲ್ಲಿ,
ಇಪ್ಪತ್ತು ನಿಮಿಷ, ಮೇಲಿನವರ ಕಣ್ಣು ತಪ್ಪಿಸಿದಂತೆ.
ಮೂರು ಕಟ್ಟಡಕ್ಕೆ ಉರಿಯುತ್ತಿದ್ದ ಎಣ್ಣೆ
ಈಗ ಹನ್ನೊಂದು ಮನೆಗೆ ಉರಿಯುತ್ತದೆ,
ಬಿಟ್ಟುಹೋದವರ ಪಾಲೂ ಉಳಿದವರ ತಲೆಗೆ.
ಅಬು ಝಾಹೆರನ ಲೆಕ್ಕ ತಪ್ಪುವುದಿಲ್ಲ;
ತಪ್ಪಿದ್ದರೆ ಒಳ್ಳೆಯದಿತ್ತು.
ಮಂಚದ ಪಕ್ಕ ಆಮ್ಲಜನಕದ ಯಂತ್ರ,
ಅವಳಿಗಿಂತ ಗಟ್ಟಿಯಾಗಿ ಉಸಿರಾಡುತ್ತದೆ.
“ಎಷ್ಟಾಯಿತು ಮಗನೇ?”
ಹೇಳಿದೆ.
ಬಿಸ್ಕತ್ತಿನ ಡಬ್ಬಿ ತೆರೆದಳು, ಎಣಿಸಿದಳು,
ಮತ್ತೆ ಮೊದಲಿಂದ ಎಣಿಸಿದಳು.

ಮಧ್ಯಾಹ್ನ ಒಂದಕ್ಕೆ ಮೇಲೆ ಎಲ್ಲರ ಬ್ಯಾಟರಿ ತುಂಬಿರುತ್ತದೆ.
ಆಮೇಲಿನ ಬಿಸಿಲು ಯಾರ ಖಾತೆಗೂ ಇಲ್ಲ,
ಗಾಜಿನ ಮೇಲೆ ಬಿದ್ದು ಸುಮ್ಮನೆ ಕಾದು ಹೋಗುತ್ತದೆ.

ವದೀ ಏನೂ ಕೇಳಲಿಲ್ಲ.
ತರಕಾರಿ ಎಳೆದುಕೊಳ್ಳುವ ಬುಟ್ಟಿಯಲ್ಲಿ
ತಂತಿಯ ಸುರುಳಿ ಇಟ್ಟು
ಐದು ಮಹಡಿ ಇಳಿಬಿಟ್ಟ.
ಕೆಳಗೆ ನಿಂತು ಹಿಡಿದುಕೊಂಡೆ;
ಜೊತೆಗೊಂದು ಪಾರಿವಾಳದ ಗರಿಯೂ ಬಂದಿತ್ತು.

ಮೀಟರಿಲ್ಲ, ಮಂಡಳಿಯಿಲ್ಲ.
ಆದರೂ ಕೈ ಕೇಳಬೇಕಲ್ಲ, ಹದಿನೇಳು ವರ್ಷದ ರೂಢಿ:
ಅಬು ಝಾಹೆರ್ ನೋಡದ ಕೊನೆಯ ಪುಟದಲ್ಲಿ ಬರೆದೆ,
ಅಫೀಫೆ. ನೆಲಮಹಡಿ. ಎರಡು ಆಂಪಿಯರ್, ಹಗಲು.
ಬಾಕಿ:
ರಾತ್ರಿ.