ಕಾಕ್ ಮುಚ್ಚಿ ಓಡಿಸು

ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಅಟೆಂಡರ್ ಆಗಿದ್ದವನು ನಾನು.
ನೀರನ್ನು ಒಡೆದು ತೋರಿಸುವ ಜೋಡಿ ಗಾಜಿನ ಕೊಳವೆ
ಪ್ರತಿ ಜುಲೈಯಲ್ಲಿ ತೊಳೆದು ಒರೆಸಿ ಇಟ್ಟವನು.
ಒಂದರಲ್ಲಿ ಗಾಳಿ ಎರಡು ಪಾಲು, ಇನ್ನೊಂದರಲ್ಲಿ ಒಂದು.
ಉರಿವ ಕಡ್ಡಿ ಹಿಡಿದರೆ ಪಟ್ ಎನ್ನುವುದು,
ಮುಂದಿನ ಬೆಂಚಿನವರು ಕಿವಿ ಮುಚ್ಚುವುದು,
ಆಮೇಲೆ ಗಾಜಿನ ಒಳಮೈಗೆ
ಬೆವರಿನಂಥ ಒಂದು ತೇವ,
ಮತ್ತೆ ನೀರೇ.
ಆ ಒಂದು ಪಟ್‌ಗೆ ಎಷ್ಟು ಕರೆಂಟು ಹೋಯಿತೆಂದು
ಯಾವ ಬ್ಯಾಚೂ ಕೇಳಲಿಲ್ಲ.
ಬಿಲ್ಲು ಕಟ್ಟುವ ಗುಮಾಸ್ತರು ಕೇಳುತ್ತಿದ್ದರು.

ಹಾಗಾಗಿ ಆಜಾದ್ ನಗರದ ತಿರುವಿನಲ್ಲಿ
ಚಮನ್‌ಸಾಬನ ಪಂಕ್ಚರ್ ಅಂಗಡಿ ಎದುರು
ರೇವಣಸಿದ್ಧ ತನ್ನ ಹಳೇ ಬೈಕಿಗೆ
ಉಪ್ಪಿನಕಾಯಿ ಬಾಟಲಿ ಕಟ್ಟಿ ತಂದಾಗ
ನಾನು ನಗಲಿಲ್ಲ.
ಮುಚ್ಚಳಕ್ಕೆ ಎರಡು ಮೊಳೆ, ಮೊಳೆಗೆ ಬ್ಯಾಟರಿ ವೈರು,
ಒಳಗೆ ಸೋಡಾಪುಡಿ ಕದಡಿದ ಕುಂದವಾಡ ಕೆರೆಯ ನೀರು,
ಅಲ್ಲಿಂದ ಕಾರ್ಬುರೇಟರಿಗೆ ಆಸ್ಪತ್ರೆಯ ಸಲೈನ್ ಪೈಪು.
"ನೀರಿನ ಮ್ಯಾಲೆ ಓಡ್ತತಿ ಸರ!"
ನನ್ನನ್ನು ಸರ ಎಂದವರು ಕಡಿಮೆ;
ಅದಕ್ಕೇ ಮಾತು ನಾಲಿಗೆ ತುದಿಯಲ್ಲಿ ನಿಂತಿತು.

ಜನ ಸೇರಿತು.
ಎಣ್ಣೆ ಕಂಪನಿಯವರು ಮುಚ್ಚಿಟ್ಟಿದ್ದಾರಂತೆ.
ಕಂಡುಹಿಡಿದವನನ್ನೇ ಮಾಯ ಮಾಡಿದರಂತೆ.
ಜಪಾನಿನಲ್ಲಿ ಎಲ್ಲರ ಮನೆಯಲ್ಲೂ ಇದೆಯಂತೆ.
ಈ 'ಅಂತೆ' ಎಂಬ ಗಾಡಿ ನೋಡಿ,
ಅದಕ್ಕೆ ನೀರೂ ಬೇಡ.
ಆಟೋದ ಪರಸಪ್ಪ ಕಿಟ್ಟಿನ ಅಡ್ವಾನ್ಸೆಂದು
ಜೇಬಿನಿಂದ ಐನೂರು ತೆಗೆದಾಗ ಮಾತ್ರ
ನನ್ನ ಬಾಯಿ ತಡೆಯಲಿಲ್ಲ:
"ತಮ್ಮಾ, ಪೆಟ್ರೋಲ್ ಕಾಕ್ ಮುಚ್ಚು.
ಮುಚ್ಚಿ ಓಡಿಸು."

ಮುಚ್ಚಿದ. ಒದ್ದ.
ಗಾಡಿ ಹೊರಟೇಬಿಟ್ಟಿತು!
ಸಿಳ್ಳೆ, ಚಪ್ಪಾಳೆ, ನನ್ನ ಬೆನ್ನಿಗೊಂದು ಗುದ್ದು,
"ಏನ್ರೀ ಲ್ಯಾಬಿನೋರೆ?"
ನಿಜ ಹೇಳುತ್ತೇನೆ, ಆ ಒಂದು ಗಳಿಗೆ
ನನ್ನ ಎದೆಯೂ ಅದರ ಹಿಂದೆ ಓಡಿತು.
ಮೂವತ್ತೊಂದು ವರ್ಷ ತೊಳೆದದ್ದೆಲ್ಲ ತಪ್ಪಾಗಿದ್ದರೆ
ಎಷ್ಟು ಚೆಂದ.

ಚಮನ್‌ಸಾಬ ಟ್ಯೂಬನ್ನು ನೀರಿಗದ್ದಿ
ತೂತು ಹುಡುಕುತ್ತಿದ್ದವನು ತಲೆ ಎತ್ತದೆ ಅಂದ:
"ಕಾರ್ಬುರೇಟರ್ ಬಟ್ಟಲಾಗ ಒಂದೀಟು ಇರ್ತತಿ.
ಮಂಡಕ್ಕಿ ಭಟ್ಟಿ ತನಕ ಹೋಕತಿ. ಮುಂದ ಇಲ್ಲ."

ಮಂಡಕ್ಕಿ ಭಟ್ಟಿ ತನಕ ಹೋಯಿತು.

ನಾನು ನಡೆದು ಮುಟ್ಟುವಾಗ
ರೇವಣಸಿದ್ಧ ಒದ್ದೇ ಒದೆಯುತ್ತಿದ್ದ.
ಬಾಟಲಿಯಲ್ಲಿ ಗುಳ್ಳೆ ಏಳುತ್ತಲೇ ಇತ್ತು,
ಮೊಳೆ ತುಕ್ಕು ಬಿಟ್ಟು ನೀರು ಚಹಾದ ಬಣ್ಣ.
ಪಾಠಕ್ಕೆ ಬಾಯಿ ತೆರೆದೆ:
ನೀರೆಂದರೆ ಆಗಲೇ ಉರಿದು ಮುಗಿದದ್ದು ತಮ್ಮಾ,
ಬೆಂಕಿ ಉಂಡು ಎದ್ದ ಎಲೆ.
ಅದನ್ನು ಒಡೆಯುವ ಶಕ್ತಿ ಬ್ಯಾಟರಿಯದು,
ಬ್ಯಾಟರಿಗೆ ಎಂಜಿನ್ನಿನದು, ಎಂಜಿನ್ನಿಗೆ...
ಅವನ ಕಿವಿ ಕಿಕ್ಕರ್ ಮೇಲೆಯೇ ಇತ್ತು.

ಭಟ್ಟಿಯ ಬಾಗಿಲಲ್ಲಿ ಬೂದಿ ಬಳಿಯುತ್ತಿದ್ದ ಖಾತುಂಬಿ,
ಹುಬ್ಬಿನ ಮೇಲೆಲ್ಲ ಹೊಟ್ಟಿನ ಧೂಳು,
ಏನಾಯಿತೆಂದು ಕೇಳಿದಳು. ಹೇಳಿದೆ.
ಸಲಿಕೆ ಊರಿ ನಿಂತಳು.
"ಹೊಟ್ಟು ಉರಿತತಿ. ಬೂದಿ ಉರಿಯಲ್ಲ.
ಬೂದಿನೂ ಉರಿಯಂಗಿದ್ರ
ಹೊಟ್ಟಿಗೆ ನಾನ್ಯಾಕ ದಿನಾ ರೊಕ್ಕ ಕೊಡ್ಲಿ?"

ನನ್ನ ಕಾಲೇಜು ಅಲ್ಲಿಗೆ ಬಿಟ್ಟಿತು.

ಆಕೆ ಕೊಟ್ಟ ಒಂದೊಂದು ಚೊಂಬು ನೀರು ಕುಡಿದೆವು,
ಬೊಗಸೆ ಬಿಸಿ ಮಂಡಕ್ಕಿ ತಿಂದೆವು,
ಅವನು ಹ್ಯಾಂಡಲ್, ನಾನು ಹಿಂದೆ, ತಳ್ಳಿದೆವು.
"ಈಗ ನೋಡು, ಖರೇನ ನೀರಿನ ಮ್ಯಾಲೆ ಓಡ್ತತಿ" ಅಂದೆ.
ಅವನು ನಗಲಿಲ್ಲ. ಅನ್ನಬಾರದಿತ್ತು.

ರೈಲ್ವೆ ಗೇಟು ಬಿದ್ದಿತ್ತು.
ಪಕ್ಕದಲ್ಲೊಂದು ನೀರಿನ ಟ್ಯಾಂಕರ್
ಹಿಂದಿನ ವಾಲ್ವಿನಿಂದ ತೊಟ್ಟಿಕ್ಕುತ್ತ,
ಡೀಸೆಲ್ ಹೊಗೆ ಕಾರುತ್ತ ನಿಂತಿತ್ತು.
ಅಷ್ಟು ನೀರು ಹೊತ್ತ ಗಾಡಿ.
ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದೆವು.

ಗೇಟು ಎದ್ದಾಗ ಅವನು ಮೆಲ್ಲಗೆ ಕೇಳಿದ,
"ಸ್ಟೀಲಿನ ಮೊಳೆ ಹಾಕಿದ್ರ, ಸರ?"